ಹೊಸಹಕ್ಲಿನ ಕರುಗಲ್ಲು

ಗಾಳಿಗೆ ಕಲ್ಲು ಎರಡನೆಯ ಸಲ ಬಿದ್ದಾಗ ಮುತ್ತನಿಗೆ ನಗು ತಡೆಯಲಾಗಲಿಲ್ಲ.

"ಸಾರ್, ನಿಮ್ಮ ಊರಿನ ಬುನಾದಿ ಒಂಚೂರು ವೀಕು," ಎಂದ. ಕಲ್ಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗದ್ದೆಯ ಬದುವಿನ ಮೇಲೆ ನಡೆದುಬಂದ.

ತೀರ್ಥಪ್ರಸಾದನೂ ನಕ್ಕ. ನಗಬೇಕಾದ ಜಾಗದಲ್ಲಿ ನಗುವುದು ಅವನಿಗೆ ಅಭ್ಯಾಸವಾಗಿತ್ತು. ಕುಶಾಲನಗರದ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಇತಿಹಾಸ ಪಾಠ ಮಾಡುವವನಿಗೆ ಅಷ್ಟೂ ಬಾರದಿದ್ದರೆ ಹೇಗೆ.

ಕಲ್ಲು ಥರ್ಮಕೋಲಿನದು. ಮುತ್ತ ಸೋಮವಾರಪೇಟೆಯಲ್ಲಿ ಮದುವೆ ಮಂಟಪದ ಕಂಬಗಳನ್ನೂ ಹುಟ್ಟುಹಬ್ಬದ ಕೇಕಿನ ಹಿಂದೆ ನಿಲ್ಲಿಸುವ ಹೃದಯಗಳನ್ನೂ ಕತ್ತರಿಸಿ ಬದುಕುವವನು. ಎದೆಮಟ್ಟದ ಕಲ್ಲಿಗೆ ಬೂದು ಬಣ್ಣ ಬಳಿದು, ಸ್ಪಂಜಿನಿಂದ ಅಲ್ಲಲ್ಲಿ ಪಾಚಿ ಒತ್ತಿದ್ದ. ಸ್ವಲ್ಪ ದೂರ ನಿಂತರೆ ಸಾಕು, ಅಸಲಿ ಎಂದೇ ಅನಿಸುತ್ತಿತ್ತು.

ಹೊಸಹಕ್ಲಿಗೆ ಐವತ್ತು ತುಂಬಿದ ವರ್ಷ. ಊರಿನ ಕ್ಲಬ್ಬಿನವರು ಪ್ರತಿವರ್ಷದ ಕೆಸರುಗದ್ದೆ ಆಟಗಳ ಜೊತೆಗೆ ಈ ಸಲ 'ಊರು ಹುಟ್ಟಿದ ದಿನ' ಎಂಬ ರೂಪಕ ಇಟ್ಟುಕೊಂಡಿದ್ದರು. ಬರೆದವನು ತೀರ್ಥಪ್ರಸಾದ. ಅಣೆಕಟ್ಟಿನ ನೀರಿಗೆ ಹಾಸನ ಸೀಮೆಯ ಹಳ್ಳಿ ಬಿಟ್ಟುಕೊಟ್ಟವರು ಎತ್ತಿನಗಾಡಿಯಲ್ಲಿ ಇಲ್ಲಿಗೆ ಬರುತ್ತಾರೆ, ಕಾಡು ಕಡಿಯುತ್ತಾರೆ, ಕರುಗಲ್ಲು ನೆಡುತ್ತಾರೆ, ಕುಣಿಯುತ್ತಾರೆ. ನಿಜಕ್ಕೂ ಬಂದದ್ದು ಲಾರಿಯಲ್ಲಿ. ಗಾಡಿ ನೋಡಲು ಚೆಂದ ಎಂದು ಗಾಡಿ. ಕುಣಿದ ನೆನಪು ಯಾರಿಗೂ ಇರಲಿಲ್ಲ. ಕರುಗಲ್ಲನ್ನಂತೂ ಯಾರೂ ನೆಟ್ಟೇ ಇರಲಿಲ್ಲ.

ಆ ಸೀಮೆಯಲ್ಲಿ ಊರು ಕಟ್ಟುವವರು ಮನೆಗಿಂತ ಮೊದಲು ನೆಡುವುದು ಕರುಗಲ್ಲನ್ನು. ದನಕರುಗಳಿಗೆ ರೋಗ ಬಂದರೆ ಅದಕ್ಕೆ ನೀರೆರೆಯುತ್ತಾರೆ. ಅದಿದ್ದರೆ ಊರು, ಇಲ್ಲದಿದ್ದರೆ ಬರಿಯ ಬಿಡಾರ. ಆ ವರ್ಷ ನೀರು ಹೇಳಿದ್ದಕ್ಕಿಂತ ಮೊದಲೇ ಏರಿತು. ಜನ ಪಾತ್ರೆ, ಎಮ್ಮೆ, ಬಾಗಿಲ ಚೌಕಟ್ಟು ತಂದರು; ಕಲ್ಲು ನೀರಿನಡಿ ಉಳಿಯಿತು. ಅದು ಅಲ್ಲಿ ನಿಂತಿರುವಾಗ ಇಲ್ಲಿ ಇನ್ನೊಂದು ನೆಡುವುದು ಹೇಗೆ ಎಂದು ಹಿರಿಯರು ಜಗಳವಾಡಿದರು. ಜಗಳ ಮುಗಿಯುವ ಮೊದಲು ಹಿರಿಯರೇ ಮುಗಿದರು. ಹೊಸಹಕ್ಲಿಗೆ ಬ್ಯಾಂಕು ಬಂತು, ಬಾರು ಬಂತು, ಹಾಕಿ ಮೈದಾನ ಬಂತು, ಕೇರಂ ಆಡಲು ಕ್ಲಬ್ಬೂ ಬಂತು. ಕಲ್ಲಿಲ್ಲ ಎಂದು ಯಾರಿಗೂ ಏನೂ ಕಡಿಮೆಯಾಗಲಿಲ್ಲ, ತೀರ್ಥಪ್ರಸಾದನ ಅಪ್ಪ ಸಣ್ಣಸ್ವಾಮಿಯೊಬ್ಬನನ್ನು ಬಿಟ್ಟು.

ಅಪ್ಪ ಹೊಸಹಕ್ಲನ್ನು ಊರು ಎಂದು ಕರೆದದ್ದೇ ಇಲ್ಲ. ಪೇಟೆಯಿಂದ ಹೊರಡುವಾಗ, "ಬಿಡಾರಕ್ಕೆ ಹೋಗಾಣ" ಎನ್ನುತ್ತಿದ್ದ. ಅವ್ವ ಸತ್ತಾಗ ಅವಳನ್ನು ಇಲ್ಲಿನ ಮಣ್ಣಿಗೆ ಇಡಬೇಕಾಯಿತಲ್ಲ ಎಂದು ಎರಡು ದಿನ ಅನ್ನ ಬಿಟ್ಟಿದ್ದ.

ಅಂಥ ಅಪ್ಪನ ಕಿವಿಗೆ ರೂಪಕದ ಸುದ್ದಿ ಅರ್ಧ ಬಿತ್ತು. ಕರುಗಲ್ಲು ಬರುತ್ತದೆ ಎಂಬಷ್ಟು ಮಾತ್ರ.

"ಬ್ಯಾಸ್ಗೇಲಿ ನೀರು ಇಳ್ದಾಗ ಹೋಗಿ ಕಿತ್ಕೊಂಡು ಬಂದ್ರೇನ್ಲಾ?" ಎಂದು ಒಂದು ಸಂಜೆ ಕೇಳಿದ.

ತೀರ್ಥಪ್ರಸಾದ ಮೊಬೈಲಿನಲ್ಲಿ ಏನೋ ನೋಡುತ್ತಿದ್ದ. "ಹೂಂ," ಎಂದ.

ಮರುದಿನದಿಂದ ಅಪ್ಪ ಎರಡು ಸಲ ಊಟ ಮಾಡತೊಡಗಿದ. ತಾನಾಗಿಯೇ ಗಡ್ಡ ಹೆರೆಸಿಕೊಂಡ.

ಇವತ್ತು ಬೆಳಗ್ಗೆ ಯಮುನಾ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಮಾವನಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?" ಎಂದು ಕೇಳಿದ್ದಳು.

"ಹೇಳ್ತೀನಿ."

"ಹದಿನೈದು ದಿನದಿಂದ ಇದನ್ನೇ ಅಂತಿದೀರಿ."

"ಹೇಳ್ತೀನಿ ಅಂದ್ನಲ್ಲ."

ಗಂಡ ಹೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ದೋಸೆ ಮಗುಚಲು ಒಳಗೆ ಹೋದಳು.

ಅಪ್ಪ ಜಗಲಿಯಲ್ಲಿ ಸಿದ್ಧನಾಗಿ ಕೂತಿದ್ದ. ಬಿಳಿ ಪಂಚೆ, ಹೆಗಲ ಮೇಲೆ ಮಡಿಕೆ ಬಿಚ್ಚದ ಹೊಸ ವಲ್ಲಿ. ತೊಡೆಯ ಪಕ್ಕದಲ್ಲಿ ಹಿತ್ತಾಳೆ ಚೊಂಬು. ಅದರ ನೀರಿಗೆ ಅರಿಶಿನ ಕಲಸಿತ್ತು.

"ಏಸು ಜನ ಹೊತ್ರು ಮಗಾ?"

"ಕ್ರೇನ್ ಇತ್ತಪ್ಪ."

"ಹೊಟ್ಟೆ ತಾವ ಒಂದು ಸೀಳು ಐತೆ. ಅದ್ಕೆ ಪೆಟ್ಟು ಬಿದ್ದಿಲ್ವಾ?"

"ಇಲ್ಲ."

ಅಪ್ಪ ಸ್ವಲ್ಪ ಹೊತ್ತು ಚೊಂಬಿನ ಕಂಠವನ್ನು ಸವರಿದ. "ನಿಮ್ಮವ್ವನ್ನ ಬಿಡಾರದಲ್ಲಿ ಮಡುಗ್ಬುಟ್ನಲ್ಲ ಅಂತ ಇತ್ತು. ಇನ್ನು ಓಗ್ಲಿ ಬುಡು, ಊರಾಯ್ತದೆ. ನನ್ನೂವೆ ಅವಳ ಪಕ್ಕಕ್ಕೇ ಮಡುಗಿ," ಎಂದ. ಹೇಳಿ, ಬೆಳಗಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಕ್ಕ. ಅಪ್ಪನ ಬಾಯಲ್ಲಿ ಹಲ್ಲಿಲ್ಲದ್ದನ್ನು ತೀರ್ಥಪ್ರಸಾದ ಆಗಲೇ ಗಮನಿಸಿದ್ದು.

ಆಗ ಹೇಳಬಹುದಿತ್ತು. ಹೇಳುವಷ್ಟು ದುಃಖವಾಗಲಿ ನಾಚಿಕೆಯಾಗಲಿ ಬರಲೆಂದು ಒಂದು ಗಳಿಗೆ ಕಾದ. ಎರಡೂ ಬರಲಿಲ್ಲ. ಅವ್ವ ಹೋದ ದಿನವೂ ಹೀಗೆಯೇ ಕಾದಿದ್ದ. ಒಳಗೆ ಏನೂ ಆಗದಿರುವುದು ಅವನಿಗೆ ಹೊಸದಲ್ಲ, ಆದರೆ ಪ್ರತಿಸಲವೂ ಅದರಿಂದ ಭಯವಾಗುತ್ತಿತ್ತು. ಬೈಕಿನ ಕೀ ಹುಡುಕುವವನಂತೆ ಎದ್ದು ಹೋಗಿದ್ದ.

ಈಗ ಗದ್ದೆಯ ಸುತ್ತ ಜನ ಸೇರತೊಡಗಿದ್ದರು. ಹೆಸರಿಗೆ ಗದ್ದೆ. ನಾಟಿ ನಿಂತು ವರ್ಷಗಳಾಗಿದ್ದವು. ಮಳೆಗಾಲ ಕಳೆದರೆ ಸೈಟು ಮಾಡುವವರಿದ್ದರು. ಆಟಕ್ಕೆಂದು ನಿನ್ನೆ ಟ್ರ್ಯಾಕ್ಟರಿನಲ್ಲಿ ಉತ್ತು, ಟ್ಯಾಂಕರಿನಲ್ಲಿ ನೀರು ತಂದು ಸುರಿದು ಕೆಸರು ಮಾಡಿದ್ದರು. ನಾಟಿ ಮುಗಿದ ಖುಷಿಗೆ ಗದ್ದೆಯಲ್ಲಿ ಓಡುವುದನ್ನು ಹೊಸಹಕ್ಲಿನವರು ಇಲ್ಲಿನ ಹಳಬರಿಂದ ಕಲಿತಿದ್ದರು. ನಾಟಿ ಹೋದರೂ ಓಟ ಉಳಿದುಕೊಂಡಿತ್ತು. ಈಗ ಅದಕ್ಕೊಂದು ಟೀಶರ್ಟು ಕೂಡ ಬಂದಿತ್ತು.

ಕ್ಲಬ್ಬಿನ ಅಧ್ಯಕ್ಷ ಚೈತನ್ಯ ಮೈಕು ಕೊಡಲು ಬಂದ. ಹಾರ್ಡ್‌ವೇರ್ ಅಂಗಡಿಯವನು, ಯಾವಾಗಲೂ ಅವಸರ.

"ಸರ್, ಹಿಸ್ಟರಿ ಬೇಗ ಮುಗ್ಸಿ. ಹಗ್ಗಜಗ್ಗಾಟಕ್ಕೆ ಶನಿವಾರಸಂತೆ ಟೀಮ್ ಬಂದು ಕೂತಿದೆ."

"ಚೈತನ್ಯ, ಆ ಕಲ್ಲಿನ ಹತ್ರ ಯಾರನ್ನೂ ಬಿಡ್ಬೇಡ."

"ಯಾರು ಹೋಗ್ತಾರೆ?"

"ಅಪ್ಪ ಬರ್ತಾರೆ. ನೀರು ಹಾಕ್ಬೇಕಂತೆ."

"ಅಯ್ಯೋ, ಬರ್ಲಿ ಸರ್! ಲಾರಿಲಿ ಬಂದವ್ರಲ್ಲಿ ಉಳಿದಿರೋದೇ ಅವ್ರು. ಫೋಟೋ ಚೆನ್ನಾಗ್ ಬರ್ತದೆ."

"ಅದಲ್ಲ..."

"ಏನು ಸರ್?"

"ಏನಿಲ್ಲ," ಎಂದ ತೀರ್ಥಪ್ರಸಾದ.

ಮುತ್ತ ಬದುವಿಗೆ ಬಿದಿರಿನ ಗೂಟ ಹೊಡೆದು, ಕಲ್ಲನ್ನು ಅದರ ಮೇಲೆ ಚುಚ್ಚಿ ನಿಲ್ಲಿಸಿದ. ಈ ಸಲ ಅದು ನಿಂತಿತು.

ರೂಪಕ ಶುರುವಾಯಿತು. ತೀರ್ಥಪ್ರಸಾದ ತಾನು ಬರೆದದ್ದನ್ನು ತಾನೇ ಓದುತ್ತಿದ್ದ. 'ಕಣ್ಣೀರನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದ ಆ ತಾಯಂದಿರು' ಎಂಬಲ್ಲಿ ಧ್ವನಿ ತಗ್ಗಿಸಿದ. ಹೆಂಗಸರ ಸಾಲಿನಲ್ಲಿ ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಬ್ಯಾಂಕಿನ ಗುಮಾಸ್ತ ಮೀಸೆ ಅಂಟಿಸಿಕೊಂಡು ಸಣ್ಣಸ್ವಾಮಿಯಾಗಿದ್ದ. ಅವನು ಇನ್ನಿಬ್ಬರ ಜೊತೆ ಕಲ್ಲನ್ನು ಹಿಡಿದು, ಭಾರ ಹೊತ್ತವನಂತೆ ಹಲ್ಲುಕಚ್ಚಿ, ಗೂಟದಿಂದೆತ್ತಿ ಮತ್ತೆ ಗೂಟಕ್ಕೇ ನೆಟ್ಟ. ಡೊಳ್ಳು ಮೊಳಗಿತು.

ನಿಜವಾದ ಸಣ್ಣಸ್ವಾಮಿ ಮೊದಲ ಸಾಲಿನ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದ. ಪಕ್ಕದಲ್ಲಿದ್ದ ಯಮುನಾ ತೋಳು ಹಿಡಿದಳು. ಅಪ್ಪ ಬಿಡಿಸಿಕೊಂಡ.

"ನಮ್ಮ ಊರಿನ ಹಿರಿಯರು!" ಎಂದು ಚೈತನ್ಯ ಕೂಗಿದ. ಜನ ದಾರಿ ಬಿಟ್ಟರು.

ಅಪ್ಪ ಚಪ್ಪಲಿ ಕಳಚಿ ಬದುವಿನ ಮೇಲೆ ಮೆಲ್ಲಗೆ ನಡೆದ. ಚೊಂಬಿನಲ್ಲಿದ್ದದ್ದು ತುಳುಕದಂತೆ ಎರಡೂ ಕೈಯಲ್ಲಿ ಹಿಡಿದಿದ್ದ. ಕಲ್ಲಿನ ನೆತ್ತಿಗೆ ನೀರೆರೆದ. ಅರಿಶಿನದ ನೀರು ಕಲ್ಲಿಗಿಳಿಯದೆ ಹನಿಹನಿಯಾಗಿ ಜಾರಿಹೋಯಿತು. ಅಪ್ಪ ಬಗ್ಗಿ ಹೊಟ್ಟೆಯ ಭಾಗದಲ್ಲಿ ಬೆರಳಾಡಿಸಿ ಸೀಳು ಹುಡುಕಿದ. ಇನ್ನೊಂದು ಪಕ್ಕದಲ್ಲೂ ಹುಡುಕಿದ.

ಮೈಕು ತೀರ್ಥಪ್ರಸಾದನ ಕೈಯಲ್ಲಿತ್ತು. ಒಂದು ಮಾತು ಸಾಕಿತ್ತು.

ಅಪ್ಪ ಚೊಂಬು ಕೆಳಗಿಟ್ಟು, ಕಲ್ಲನ್ನು ತಬ್ಬಿ ಹಣೆ ಒತ್ತಿದ. ಅದು ಸರಿಯಿತು. ಮುಗ್ಗರಿಸಿದ ಅಪ್ಪ ಬೀಳದಿರಲೆಂದು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ; ಗೂಟದಿಂದ ಕಿತ್ತು ಅದು ಪೂರ್ತಿಯಾಗಿ ಅವನ ತೋಳಿಗೆ ಬಂತು. ಎಂಬತ್ತು ದಾಟಿದ ಮುದುಕ ಎದೆಮಟ್ಟದ ಕರುಗಲ್ಲನ್ನು ಎತ್ತಿಕೊಂಡು ನಿಂತಿದ್ದ.

ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಮೊಬೈಲುಗಳು ಮೇಲೆದ್ದವು.

"ನೋಡಿ, ಹಳೇ ಕಾಲದ ರಾಗಿಮುದ್ದೆ ಶಕ್ತಿ!" ಎಂದು ಚೈತನ್ಯ ಕೂಗಿದ. ಗದ್ದೆಯ ತುಂಬ ನಗು.

ಅಪ್ಪ ನಗಲಿಲ್ಲ. ಕೂಸನ್ನು ಹೇಗೆ ಹಿಡಿಯಬೇಕೆಂದು ತಿಳಿಯದವನಂತೆ ಅದನ್ನು ಹಿಡಿದುಕೊಂಡು ಜನರ ಆಚೆ ಮಗನನ್ನು ಹುಡುಕಿದ. ಕಣ್ಣಿಗೆ ಕಣ್ಣು ಸಿಕ್ಕಿತು. ಸಿಟ್ಟಿರಲಿಲ್ಲ ಅದರಲ್ಲಿ. ಸಿಟ್ಟಿದ್ದರೆ ಒಳ್ಳೆಯದಿತ್ತು ಎಂದು ತೀರ್ಥಪ್ರಸಾದನಿಗೆ ಅನಿಸಿತು. ಆ ದಿನ ಅವನಿಗೆ ಅನಿಸಿದ್ದು ಅಷ್ಟೇ.

ಅಪ್ಪ ಕಲ್ಲನ್ನು ಬದುವಿನ ಮೇಲೆ ಮಲಗಿಸಿದ. ಚೊಂಬು ತೆಗೆದುಕೊಂಡ, ಚಪ್ಪಲಿ ಮರೆತ. ಮಗನ ಮುಂದೆ ಬಂದಾಗ ನಿಂತ.

"ಬಿಡಾರಕ್ಕೆ ಬುಡಿಸು ನನ್ನ."

ಮಾತು ಮೈಕಿಗೆ ಬಿದ್ದು ಗದ್ದೆಯುದ್ದಕ್ಕೂ ಕೇಳಿಸಿತು. ಯಾರಿಗೂ ಅರ್ಥವಾಗಲಿಲ್ಲ. ಯಮುನಾ ಬಂದು ಮಾವನ ಕೈಹಿಡಿದಳು. ಗಂಡನ ಕಡೆ ನೋಡಲಿಲ್ಲ. ಇಬ್ಬರೂ ಆಟೋ ನಿಂತಿದ್ದ ಕಡೆಗೆ ನಡೆದರು. ತಾನೂ ಹೋಗಬೇಕೆಂದು ತೀರ್ಥಪ್ರಸಾದ ಒಂದು ಹೆಜ್ಜೆ ಇಟ್ಟ. ಮೈಕಿನ ವೈರು ಅಷ್ಟಕ್ಕೇ ಬಿಗಿಯಿತು.

"ಸರ್, ಅನೌನ್ಸ್ ಮಾಡಿ," ಎಂದ ಚೈತನ್ಯ.

"ಮುಂದಿನ ಸ್ಪರ್ಧೆ," ಎಂದ ತೀರ್ಥಪ್ರಸಾದ, "ಪುರುಷರ ಹಗ್ಗಜಗ್ಗಾಟ." ಧ್ವನಿ ಚೆನ್ನಾಗಿಯೇ ಬಂತು.

ತಂಡಗಳು ಗದ್ದೆಗಿಳಿಯುವ ಗಲಾಟೆಯಲ್ಲಿ ಯಾರದೋ ಕಾಲು ತಾಗಿ ಕಲ್ಲು ಬದುವಿನಿಂದ ಕೆಸರುನೀರಿಗೆ ಉರುಳಿತು. ಮುಳುಗಲಿಲ್ಲ. ಹಗ್ಗ ಎಳೆಯುವವರ ಕಾಲು ಎಬ್ಬಿಸಿದ ಅಲೆಗೆ ಆ ಬದುವಿಗೊಮ್ಮೆ ಈ ಬದುವಿಗೊಮ್ಮೆ ಹೋಗಿ ಬಡಿದು, ಅರಿಶಿನ ಹತ್ತಿದ ನೆತ್ತಿಯನ್ನು ಮೇಲೆ ಮಾಡಿಕೊಂಡು, ಎಲ್ಲಿಯೂ ನಿಲ್ಲದೆ ತೇಲುತ್ತಿತ್ತು.