ಕಿರುಬೆರಳಿನ ಸಂದು

ಮುನಿವೆಂಕಟಮ್ಮನ ರೇಷ್ಮೆ ಹುಳುಗಳು ನಾಲ್ಕನೇ ಜ್ವರ ಮುಗಿಸಿ, ಎಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದು, ಹಾಕಿದ ಸೊಪ್ಪನ್ನೆಲ್ಲ ಮುಕ್ಕುತ್ತಿದ್ದವು. ಇನ್ನು ಐದಾರು ದಿನ ಕಳೆದರೆ ಹಣ್ಣಾಗಿ ಗೂಡು ಕಟ್ಟುವ ಹೊತ್ತು. ಸರಿಯಾಗಿ ಆಗಲೇ ಇಲಿಯ ಕಣ್ಣು ಬಿತ್ತು. ಮೂರು ದಿನದಿಂದ ಬೆಳಿಗ್ಗೆ ಹುಳುಮನೆಯ ಬಾಗಿಲು ತೆಗೆದರೆ ತಟ್ಟೆಗಳಲ್ಲಿ ಬರೀ ಹುಳುಗಳ ತಲೆ. ವಿಷ ಇಡುವಂತಿಲ್ಲ, ಅದರ ಸೋಂಕಿಗೆ ಹುಳುವೇ ಮೊದಲು ಸಾಯುತ್ತದೆ. ಬೆಕ್ಕನ್ನು ಬಿಟ್ಟರೆ ಅದು ಹೋಗಿ ತಟ್ಟೆಯ ಮೇಲೇ ಮಲಗುತ್ತದೆ. ಈ ಹುಳುಗಳಿಗೆ ಸೊಪ್ಪು ಹಾಕಿದಂತೆ ಹೆತ್ತ ಮಗನಿಗೂ ಆಕೆ ಹೊತ್ತುಹೊತ್ತಿಗೆ ಬಡಿಸಿದವಳಲ್ಲ. ಆ ತಲೆಗಳನ್ನು ಗುಡಿಸುವಾಗ ಹೊಟ್ಟೆ ಉರಿಯುತ್ತಿತ್ತು.

ಗಂಡ ನರಸಿಂಹಯ್ಯನದು ಮೂರು ದಿನದಿಂದ ಒಂದೇ ರಾಗ. "ಬಾಗಿಲ ಕೆಳಗೇ ಬರ್ತಾವೆ ಕಣೇ. ಹೊಸಿಲಿಗೊಂದು ರಬ್ಬರ್ ಪಟ್ಟಿ ಹೊಡೆದ್ಬಿಟ್ರೆ ಮುಗೀತು."

"ಹೊಸಿಲಿಗೆ ಮೊಳೆ ಹೊಡೀತಾರೇನ್ರೀ? ಲಕ್ಷ್ಮಿ ಇರೋ ಜಾಗ! ಆ ಸಂದಲ್ಲಿ ನನ್ನ ಕಿರುಬೆರಳು ತೂರೋದೇ ಕಷ್ಟ, ಇಲಿ ತೂರುತ್ತಾ? ಸೂರು ನೋಡಿ ಮೊದ್ಲು."

ನರಸಿಂಹಯ್ಯ ಗೊಣಗುತ್ತಲೇ ಸೂರಿಗೆ ಸಿಮೆಂಟು ಮೆತ್ತಿದ, ಕಿಟಕಿಗಳಿಗೆ ಜಾಲರಿ ಬಡಿದ. ಮರುದಿನವೂ ಹುಳು ಹೋದವು.

ಭಾನುವಾರ ಸೊಸೆ ರೂಪ ನಡುವೆ ಬಂದಳು. ದೊಡ್ಡಬಳ್ಳಾಪುರದ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು, ಬರೀ ಬಾಯಿಮಾತಿಗೆ ಬಗ್ಗುವವಳಲ್ಲ. "ಅತ್ತೆ, ಜಗಳ ಯಾಕೆ? ಇಲೀನೇ ಕೇಳೋಣ," ಎಂದಳು.

ಸೊಪ್ಪಿನ ಕೋಣೆಯ ಬೋನಿಗೆ ಅವತ್ತು ಬೆಳಿಗ್ಗೆ ತಾನೇ ಒಂದು ಸುಂಡಿಲಿ ಬಿದ್ದಿತ್ತು. ರೂಪ ಬಾಗಿಲ ಸಂದಿಗೆ ಕಿರುಬೆರಳಿಟ್ಟು ಅಳತೆ ತೆಗೆದಳು. ನರಸಿಂಹಯ್ಯ ಹಳೇ ಎಣ್ಣೆ ಡಬ್ಬದಲ್ಲಿ ಅಷ್ಟೇ ಅಗಲದ ಸೀಳು ಕೊರೆದ. ಇಲಿಯನ್ನು ಒಳಗೆ ಬಿಟ್ಟು ಮುಚ್ಚಳ ಬಿಗಿದರು. ಸೀಳಿನ ಮುಂದೆ ಒಂದು ಕಡಲೆಕಾಯಿ ಬೀಜ ಇಟ್ಟು, ಮೂವರೂ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತರು.

ಮೊದಲು ಮೀಸೆ ಬಂತು. ಆಮೇಲೆ ಮೂತಿ. ಕಿವಿ ಮಡಚಿಕೊಂಡು ತಲೆಯೂ ಬಂತು, ಅಲ್ಲಿಗೆ ನಿಂತುಬಿಟ್ಟಿತು.

"ನೋಡ್ರೀ! ಸಿಕ್ಕಾಕ್ಕೊಂತು!" ಮುನಿವೆಂಕಟಮ್ಮ ಚಪ್ಪಾಳೆಯನ್ನೇ ತಟ್ಟಿದಳು.

ಆಕೆಯ ಕೈ ಕೆಳಗಿಳಿಯುವುದರೊಳಗೆ ಇಲಿ ಭುಜ ಕೊಡವಿತು. ನಿಂಬೆಹಣ್ಣಿನಂಥ ಹೊಟ್ಟೆ ಚಪಾತಿಯಂತೆ ಚಪ್ಪಟೆಯಾಗಿ ಈಚೆ ಜಾರಿ, ಮತ್ತೆ ಉಂಡೆಯಾಯಿತು. ಅದು ಬೀಜವನ್ನು ಮರೆಯದೆ ಕಚ್ಚಿಕೊಂಡು ಹಿಪ್ಪುನೇರಳೆ ತೋಟದೊಳಗೆ ಓಡಿತು.

"ತಲೆ ತೂರಿದ್ರೆ ಮುಗೀತು ಅತ್ತೆ, ಮೈ ಹಿಂದೇನೇ ಬರುತ್ತೆ," ಎಂದಳು ರೂಪ, ನಗು ತಡೆದುಕೊಂಡು.

ಮುನಿವೆಂಕಟಮ್ಮನ ಮುಖ ಸಣ್ಣದಾಯಿತು. ಇಷ್ಟು ದಿನ ಹುಳುಗಳನ್ನು ಇಲಿಗೆ ತಿನ್ನಿಸಿದ್ದು ತನ್ನ ಹಠವೇ ಎಂದು ತಿಳಿದು ಕಣ್ಣು ತುಂಬಿತು. ಎದ್ದವಳೇ ಸುತ್ತಿಗೆ ತಂದು ಗಂಡನ ಕೈಗಿಟ್ಟಳು.

"ಹೊಡೀರಿ. ಲಕ್ಷ್ಮಿ ಒಳಗೆ ತಟ್ಟೇಲಿ ಸೊಪ್ಪು ತಿಂತಾವ್ಳೆ. ಅವಳನ್ನ ಇಲಿ ಬಾಯಿಗೆ ಕೊಟ್ಟು ಹೊಸಿಲಿಗೆ ಅರಿಶಿನ ಹಚ್ಚಲಾ?"

ನರಸಿಂಹಯ್ಯ ಹೊಸಿಲ ಮೇಲೆ ಮೊಳೆ ಇಟ್ಟ, ಸುತ್ತಿಗೆ ಎತ್ತಿದ. ಎತ್ತಿದ ಕೈ ಇಳಿಯಲಿಲ್ಲ. ಹೊಸಿಲನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದ. ಆಮೇಲೆ ಬಾಗಿಲನ್ನೇ ಕೀಲಿನಿಂದ ಬಿಚ್ಚಿ ಮಲಗಿಸಿ, ಅದರ ತಳಕ್ಕೆ ಪಟ್ಟಿ ಹೊಡೆದು ಮತ್ತೆ ನಿಲ್ಲಿಸಿದ. ಹೊಸಿಲಿಗೆ ಒಂದು ಗೀರೂ ಬೀಳಲಿಲ್ಲ.

ಮರುದಿನ ಬೆಳಿಗ್ಗೆ ತಟ್ಟೆಗಳಲ್ಲಿ ಒಂದು ಹುಳುವೂ ಕಡಿಮೆಯಾಗಿರಲಿಲ್ಲ. ಮುನಿವೆಂಕಟಮ್ಮನಿಗೆ ಕುಣಿಯುವಷ್ಟು ಖುಷಿ. ಸೊಪ್ಪು ಹಾಕುತ್ತಿದ್ದವಳು ಒಮ್ಮೆಲೇ ಕೈ ನಿಲ್ಲಿಸಿದಳು.

"ಅಲ್ರೀ, ಬಾಗಿಲ ತಳಕ್ಕೇ ಹೊಡೀಬೋದು ಅಂತ ಮೊದಲ ದಿನಾನೇ ಹೊಳೀಲಿಲ್ವಾ ನಿಮಗೆ?"

"ಹೊಳೀತು."

"ಮತ್ತೆ?"

ನರಸಿಂಹಯ್ಯ ಸೊಪ್ಪಿನ ಮಂಕರಿ ಹಿಡಿದು ನೆಲ ನೋಡಿದ. "ನೀನು ಹೊಸಿಲು ಬೇಡ ಅಂದ್ಯಲ್ಲ. ಅದಕ್ಕೇ ನನಗೆ ಹೊಸಿಲೇ ಬೇಕು ಅನ್ನಿಸ್ತು ಕಣೇ."