ದೊಣೆಯ ಎಲೆಗಾಲುಗಳು

ಎಪ್ಪತ್ತಾರರ ಮುಂಗಾರು ಬಿದ್ದು ಹದಿನೈದು ದಿನವಾಗಿತ್ತು. ಹೊಸದುರ್ಗದ ಕಡೆಯ ಆ ಗೊಲ್ಲರಹಟ್ಟಿಯ ಮೇಲಿನ ಗುಡ್ಡದಲ್ಲಿ ದೊಣೆ ತುಂಬಿತ್ತು. ದೊಣೆಯೆಂದರೆ ಬಂಡೆಯಲ್ಲಿ ಮೊಣಕಾಲುದ್ದದ ಒಂದು ಗುಂಡಿ, ನಾಲ್ಕು ಕುರಿ ನಿಂತರೆ ಭರ್ತಿ. ಆ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ. ಆದರೂ ದೇವರ ನೀರೆಂದು, ಕೆರ ಮೆಟ್ಟಿಕೊಂಡು ಅದರ ಹತ್ತಿರ ಹೋಗುವವರಿಲ್ಲ, ಅದಕ್ಕೆ ಕುರಿ ಇಳಿಸುವವರಂತೂ ಇಲ್ಲವೇ ಇಲ್ಲ.

ಹಟ್ಟಿಯ ಕುರಿ ಕಾಯುವ ಮುದ್ದಣ್ಣ ಇಳಿಸಿದ. ಅದೂ ಶನಿವಾರ, ಕೆರ ಮೆಟ್ಟಿಕೊಂಡೇ.

ಅದಕ್ಕೆ ಕಾರಣ ಹಿಂದಿನ ದಿನ ಅತ್ತೆ ಮಗಳು ಜಯಕ್ಕ ತಂದ ಸುದ್ದಿ. "ಏನಪ್ಪ ಎಲೆಗಾಲು, ನಿಮ್ಮ ಬೋರಪ್ಪ ಮೇಷ್ಟ್ರು ಭಾನುವಾರ ದೊಣೆ ನೋಡಾಕೆ ಬರ್ತಾರಂತೆ. ಅದ್ರಾಗೆ ಏನೋ ವಿಚಿತ್ರ ಪ್ರಾಣಿ ಐತಂತೆ!"

ಏಳು ವರ್ಷದ ಹಿಂದೆ ಅದೇ ಬೋರಪ್ಪ ಮೇಷ್ಟ್ರ ಮುಂದೆ ಮುದ್ದಣ್ಣ ಎದ್ದು ನಿಂತು, ನಮ್ಮ ದೊಣೆಯಲ್ಲಿ ಎಲೆಯಂಥ ಕಾಲಿನ ಪ್ರಾಣಿ ಅವೆ, ಅಂಗಾತ ಈಜುತ್ತವೆ ಎಂದಿದ್ದ. "ಹೂ ಬಿಡ್ತವೇನಲೇ, ಕಾಯಿ ಬಿಡ್ತವೇನಲೇ?" ಎಂದು ಮೇಷ್ಟ್ರು ನಕ್ಕಿದ್ದರು. ಇಡೀ ತರಗತಿ ನಕ್ಕಿತ್ತು. ಎಲೆಗಾಲು ಎಂಬ ಹೆಸರು ಹಟ್ಟಿಯವರೆಗೂ ಬಂತು. ಮರುದಿನದಿಂದ ಅವನು ಶಾಲೆಯ ಕಡೆ ತಲೆಹಾಕಲಿಲ್ಲ. ಈಗ ಅದೇ ಮನುಷ್ಯ ಬಂದು, ತಾನೇ ಕಂಡುಹಿಡಿದೆ ಅನ್ನಬೇಕೇ? ಶನಿವಾರ ಮುದ್ದಣ್ಣ ಕುರಿಯ ಉಣ್ಣಿ ಕೊಲ್ಲುವ ಔಷಧಿಯ ಸೀಸೆಯನ್ನು ದೊಣೆಗೆ ಬಗ್ಗಿಸಿ, ಕುರಿಗಳನ್ನು ಒಂದೊಂದಾಗಿ ಅದರಲ್ಲೇ ಅದ್ದಿ ತೆಗೆದ.

ಭಾನುವಾರ ಮೇಷ್ಟ್ರು ಏದುಸಿರು ಬಿಡುತ್ತ ಗುಡ್ಡ ಹತ್ತಿದರು. ಕೈಯಲ್ಲಿ ಖಾಲಿ ಹಾರ್ಲಿಕ್ಸ್ ಬಾಟಲಿ. ಅಲ್ಲೇ ಕಾದು ನಿಂತಿದ್ದ, ರುಮಾಲು ಸುತ್ತಿ ಮೀಸೆ ಬಿಟ್ಟ ಮುದ್ದಣ್ಣನ ಗುರುತು ಅವರಿಗೆ ಹತ್ತಲಿಲ್ಲ. ದೊಣೆ ಹತ್ತು ಮಾರು ದೂರವಿರುವಾಗಲೇ ಅವರು ಚಪ್ಪಲಿ ಬಿಟ್ಟರು.

"ಯಾಕ್ರಿ ಬಿಟ್ರಿ?" ಎಂದ ಮುದ್ದಣ್ಣ.

"ಬಿಡಬೇಕಂತೆ ಕಣಪ್ಪ. ಹಿಂದೆ ನನ್ನ ಕ್ಲಾಸಲ್ಲಿ ಈ ಕಡೆ ಹಟ್ಟಿ ಹುಡುಗ ಒಬ್ಬ ಹೇಳಿದ್ದ. ಈ ಪ್ರಾಣಿ ವಿಷಯಾನೂ ಅವನೇ ಹೇಳಿದ್ದು. ನಾನು ನಕ್ಕುಬಿಟ್ಟೆ. ಹೋದ ವರ್ಷ ಒಂದು ಪುಸ್ತಕದಲ್ಲಿ ಚಿತ್ರ ನೋಡಿದೆ. ಪರ್ಣಪಾದಿ ಅಂತಾರೆ. ಪರ್ಣ ಅಂದ್ರೆ ಎಲೆ, ಪಾದ ಅಂದ್ರೆ ಕಾಲು. ಆ ಎಲೆಗಳಲ್ಲೇ ಈಜ್ತವೆ, ಅವುಗಳಲ್ಲೇ ಉಸಿರಾಡ್ತವೆ. ಹುಡುಗ ಹೇಳಿದ್ದು ಅಕ್ಷರಶಃ ನಿಜ. ಅವನ ಹೆಸರೇ ಮರೆತುಹೋಗಿದೆ. ಸಿಕ್ಕರೆ ಬಾಟಲಿ ಅವನ ಕೈಗೇ ಕೊಟ್ಟು, ಮಕ್ಕಳ ಮುಂದೆ ನೀನೇ ಹೇಳಪ್ಪ ಅನ್ನೋಣ ಅಂತ."



ಮೇಷ್ಟ್ರು ದೊಣೆಯ ಅಂಚಿಗೆ ಹೋಗಿ ಬಗ್ಗಿ ನೋಡಿದರು. ನೀರು ಒಡೆದ ಹಾಲಿನಂತಿತ್ತು. ಬೆರಳುಗುರಿನಷ್ಟಿದ್ದ ಪ್ರಾಣಿಗಳು ಅಂಚಿಗೆ ಬಂದು ಅಂಟಿಕೊಂಡಿದ್ದವು. ಸದಾ ಆಡುತ್ತಿದ್ದ ಆ ಎಲೆಗಾಲುಗಳು ಮುದುಡಿದ್ದವು.

"ಅಯ್ಯೋ, ಯಾವ ಪಾಪಿ ಮಾಡಿದ್ನಪ್ಪ ಇದನ್ನ?"

ಗೊತ್ತಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಮೇಷ್ಟ್ರು ಬಸ್ಸು ಹಿಡಿದು ತಾವೀಗಿರುವ ಹೊಳಲ್ಕೆರೆಗೆ ಹೋಗುತ್ತಿದ್ದರು. ಮುದ್ದಣ್ಣ ತನ್ನ ಕಾಲು ನೋಡಿಕೊಂಡ. ಇವತ್ತೂ ಕೆರ ಮೆಟ್ಟಿಯೇ ನಿಂತಿದ್ದ. ಕಳಚಿ ದೂರ ಎಸೆದ.

"ಆ ಹುಡುಗ ನಾನೇ ಸಾ. ಔಷಧಿ ಹಾಕ್ದೋನೂ ನಾನೇ. ನಿಮ್ಗೆ ಸಿಗಬಾರ್ದು ಅಂತ."

ಮೇಷ್ಟ್ರು ಬಾಟಲಿಯ ಮುಚ್ಚಳ ತಿರುಗಿಸಿದರು, ಮತ್ತೆ ತಿರುಗಿಸಿದರು. ಬೈಯಲಿಲ್ಲ. ಬೈದಿದ್ದರೆ ಎದುರಾಡಬಹುದಿತ್ತು.

"ಸಾ, ಮುಂದಿನ ಮಳೇಗೆ ಹುಟ್ತವೇನು?"

"ಕೆಸರಲ್ಲಿ ಮೊಟ್ಟೆ ಇರ್ತವಪ್ಪ. ಒಣಗಿದ್ರೂ ಸಾಯಲ್ಲ. ಔಷಧಿಗೆ ತಡೀತವೋ ಇಲ್ವೋ, ನನಗೆ ಗೊತ್ತಿಲ್ಲ."

ಮುದ್ದಣ್ಣ ಹಟ್ಟಿಗೆ ಓಡಿ ಕೊಡ ತಂದ. ಔಷಧಿ ಬೆರೆತ ನೀರನ್ನು ಮೊಗೆಮೊಗೆದು, ಕುರಿ ಮೇಯದ ಕಲ್ಲುಕೊರಕಲಿಗೆ ಸುರಿಯತೊಡಗಿದ. ಬಂಡೆ ಕಾದು ಅಂಗಾಲು ಸುಡುತ್ತಿತ್ತು. ತಳದ ಕೆಸರು ಕದಡದಂತೆ ಕೊನೆಯ ನೀರಿಗೆ ರುಮಾಲನ್ನು ಅದ್ದಿ ಅದ್ದಿ ಹಿಂಡಿದ. ತಲೆಯೆತ್ತಿ ನೋಡಿದಾಗ ಮೇಷ್ಟ್ರು ಗುಡ್ಡ ಇಳಿಯುತ್ತಿದ್ದರು. ಖಾಲಿ ಬಾಟಲಿಯನ್ನು ಬಂಡೆಯ ಮೇಲೆ, ಅವನ ಕೊಡದ ಪಕ್ಕದಲ್ಲಿ ಇಟ್ಟುಹೋಗಿದ್ದರು.