ಸತ್ತವಳ ಸಾಕ್ಷಿ

"ಆ ಹೊಗಿ ಮೊದಲ ಆರಸ ಬೇ, ಹಲ್ಕಟ್ ಹೆಂಗಸ! ಆ ಚರ್ಚಿನವರ ಕಣ್ಣಿಗೆ ಬಿದ್ರ ಮಾಟಗಾತಿ ಅಂತಾರ ನಿನ್ನ!"

ಬುರುಲ್ ಕೆಳಗಿಟ್ಟಿದ್ದ ಬಾಣಲೆಯನ್ನು ದೋಲೊತ್ ಬೂಟುಗಾಲಿನಿಂದ ಒದ್ದ. ಕೆಂಡ ಕೆಸರಿಗೆ ಬಿದ್ದು ಚುಂಯ್ ಎಂದಿತು. ಬೆಳಗಿನಿಂದ ಅವಳು ಅದನ್ನೇ ಹಿಡಿದು ಬಿಷ್ಕೆಕ್ ಪಟ್ಟಣದ ಬಜಾರು ಸುತ್ತಿದ್ದಳು. ಮಾಂಸದ ಸಾಲು, ಒಣಹಣ್ಣಿನ ಸಾಲು, ಚೀನಾ ಚಪ್ಪಲಿಗಳ ಸಾಲು. ಒಣಸೊಪ್ಪಿನ ಹೊಗೆ ಹಾಕಿ ಅಂಗಡಿಗಳ ದೃಷ್ಟಿ ತೆಗೆದದ್ದಕ್ಕೆ ಸಿಕ್ಕದ್ದು ಅರ್ಧ ರೊಟ್ಟಿ, ಒಂದು ಹಿಡಿ ದ್ರಾಕ್ಷಿ, ಉಳಿದಂತೆ ಬೈಗುಳ.

"ಒದೀಬ್ಯಾಡ್ರಿ ಅಣ್ಣಾರ, ಅದು ನನ್ನ ಅನ್ನ," ಎಂದು ಬಾಗಿ ಬಾಣಲೆ ಎತ್ತಿಕೊಂಡಳು.

"ಅನ್ನ ಅಲ್ಲಿ ಐತಿ ನೋಡು." ದೋಲೊತ್ ಬಜಾರಿನ ಹಿಂದಿನ ಬಯಲಿನಲ್ಲಿ ಎದ್ದಿದ್ದ ಬಿಳಿ ಡೇರೆ ತೋರಿಸಿದ. "ಅಲ್ಲಿ ಏನನ್ನಬೇಕಂತ ಮಗಳಿಗೆ ಹೇಳೀಯಿಲ್ಲೋ?"

ದೋಲೊತ್ ಮೊದಲು ಇದೇ ಬಜಾರಿನಲ್ಲಿ ಕಳ್ಳ ಸಿಗರೇಟು ಮಾರುತ್ತಿದ್ದ. ಪರದೇಶಿ ಭಾಷೆ ಎಲ್ಲಿ ಕಲಿತನೋ, ಈಗ ಸಮುದ್ರದಾಚೆಯಿಂದ ಬರುವ ಚರ್ಚಿನವರ ಮಾತನ್ನು ತಿರುಗಿಸಿ ಹೇಳುವುದೇ ಅವನ ಉದ್ಯೋಗ. ಈ ಸಲ ಬಂದವರು ಎಲ್ಲರೂ ಹಳದಿ ಜಾಕೀಟಿನವರು. ಬೀದಿಮಕ್ಕಳಿಗೆಂದು ಊರಾಚೆ ಒಂದು ಮನೆ ಎಬ್ಬಿಸಿದ್ದರು. ಅಲ್ಲಿ ಬೆಚ್ಚನೆಯ ಗೋಡೆ, ಮೂರು ಹೊತ್ತು ಸಾರು, ಒಬ್ಬೊಬ್ಬರಿಗೆ ಒಂದೊಂದು ಹಾಸಿಗೆ. ಆದರೆ ಅದು ತಬ್ಬಲಿಗಳ ಮನೆ.

"ತಾಯಿ ಇದ್ದೋರಿಗೆ ಯಾಕಿಲ್ಲ ಅಣ್ಣಾರ? ತಾಯಿ ಇದ್ದೋರಿಗೆ ಥಂಡಿ ಹತ್ತಂಗಿಲ್ಲೇನು?"

"ಅವರ ಊರಾಗ ಮಂದಿ ಅತ್ತದ್ದು ತಬ್ಬಲಿಗೋಳ ಸಲುವಾಗಿ. ನಿನ್ನಂಥಾ ಗಟ್ಟಿಮುಟ್ಟ ಬಿಕನಾಸಿ ಸಲುವಾಗಿ ಯಾರ ಅಳ್ತಾರ? ಹಾಸಿಗಿ ಬೇಕಂದ್ರ ನೀ ಸತ್ತಿ. ಬ್ಯಾಡಂದ್ರ ಗುಂಡಿಗೆ ಹೋಗ್ರಿ ಇಬ್ಬರೂ."

ಗುಂಡಿ ಎಂದರೆ ಊರಿಗೆ ಬಿಸಿನೀರು ಒಯ್ಯುವ ಕೊಳವೆಗಳ ಸುರಂಗ. ತಾಯಿ ಮಗಳು ಎರಡು ಚಳಿಗಾಲ ಅಲ್ಲೇ ಕಳೆದಿದ್ದರು. ಹೋದ ವರ್ಷ ಪಕ್ಕದ ಗುಂಡಿಯಲ್ಲಿ ಕೊಳವೆ ಒಡೆದು, ಮಲಗಿದ್ದವರು ಮಲಗಿದಲ್ಲೇ ಬೆಂದಿದ್ದರು. ಮೇಲೆಳೆದಾಗ ಅವರಿಂದ ಎದ್ದ ಆವಿಯನ್ನು ಮಗಳು ಕುಂದುಜ್ ನೋಡಿದ್ದಳು. ಆಮೇಲೆ ಆ ಹುಡುಗಿ ಕೊಳವೆಗೆ ಬೆನ್ನು ತಾಗಿಸಿ ಮಲಗಲಿಲ್ಲ. ಥಂಡಿಯಲ್ಲೇ ಕೂತು ಕೆಮ್ಮುತ್ತಿದ್ದಳು. ಆ ಕೆಮ್ಮು ಬೇಸಿಗೆಯಲ್ಲೂ ಹೋಗಿರಲಿಲ್ಲ.

ಈ ಚಳಿಗಾಲ ಅವಳು ದಾಟುವುದಿಲ್ಲ ಎಂದು ಬುರುಲ್‌ಗೆ ಗೊತ್ತಿತ್ತು.

"ಸತ್ತೆ ಅಂತ ಇಟಗೋರಿ," ಎಂದಳು.

ಆದರೆ ಹುಡುಗಿ ಒಪ್ಪಲಿಲ್ಲ. ಉಪ್ಪಿನ ಮೂಟೆಗಳ ಮರೆಯಲ್ಲಿ ತಾಯಿಯ ಸ್ಕರ್ಟು ಹಿಡಿದು ನಿಂತುಬಿಟ್ಟಳು.

"ನಾ ತಬ್ಬಲಿ ಅಂತ ಅನ್ನಂಗಿಲ್ಲ. ತಾಯಿ ಇದ್ದಾಕಿ ಹಂಗ ಅಂದ್ರ ತಾಯಿ ಸಾಯ್ತಾಳಂತ ಅಜ್ಜಿ ಹೇಳಿದ್ಲು."

"ನಿಮ್ಮಜ್ಜಿ ಏನೇನರ ಹೇಳ್ತಿದ್ಲು. ಅನ್ನು, ಆಮ್ಯಾಲ ಮೂರು ಸಲ ಉಗುಳು. ಹೋಗ್ತದ."

"ಡೇರೇದಾಗ ಉಗುಳಿದ್ರ ಹೊಡೀತಾರ."

"ಹೊರಗ ಬಂದು ಉಗುಳ, ಮಳ್ಳಿ!"

ಹುಡುಗಿ ನಗಲಿಲ್ಲ. "ನೀ ಅಲ್ಲೇ ಇರ್ತೀಯಿಲ್ಲೋ?"

"ಹಿಂದ ನಿಂತಿರ್ತೀನಿ. ನನ್ನ ಕಡೆ ನೋಡಬ್ಯಾಡ. ಬಾಜೂ ಮನಿ ಅಕ್ಕ ಅನ್ಕೋ."

"ನಮಗ ಮನೀನ ಇಲ್ಲಲ್ಲ, ಬಾಜೂ ಮನಿ ಎಲ್ಲಿಂದ ಬಂತು?"

ಬುರುಲ್ ಅವಳ ತಲೆಗೊಂದು ಮೊಟಕಿ, ಎಂಜಲು ಬೆರಳಿನಿಂದ ಅವಳ ಹುಬ್ಬು ತಿದ್ದಿ, ಡೇರೆಯ ಕಡೆ ನೂಕಿದಳು.

ಒಳಗೆ ಬಿಸಿಗಾಳಿಯ ಯಂತ್ರ ಮೊರೆಯುತ್ತಿತ್ತು. ಮಕ್ಕಳಿಗೆ ಬಟ್ಟಲಲ್ಲಿ ಕೋಕೋ ಕೊಟ್ಟಿದ್ದರು. ಹಳದಿ ಜಾಕೀಟಿನವರು ಕೈಗೆ ಗೊಂಬೆ ತೊಟ್ಟು ಕುಣಿಸಿದರು, ಗಿಟಾರು ಬಾರಿಸಿ ಹಾಡಿದರು. ಕೆಟ್ಟವರೇನಲ್ಲ ಅವರು. ಬೆಳ್ಳಿಗಡ್ಡದ ಪಾದ್ರಿ ಕುಂದುಜ್‌ಳ ಮುಂದೆ ಮೊಳಕಾಲೂರಿ ಕೂತು, ಅವಳ ಕೆಸರು ಕಾಲುಗಳನ್ನು ತನ್ನ ಕರವಸ್ತ್ರದಿಂದ ಒರೆಸಿ, ಹೊಸ ಬೂಟು ತೊಡಿಸಿ ಲೇಸು ಕಟ್ಟಿದ. ಹಿಂದೆ ನಿಂತಿದ್ದ ಬುರುಲ್ ಕತ್ತು ಚಾಚಿ ನೋಡಿದಳು. ಅವಳ ಗಂಡನೂ ಆ ಕಾಲುಗಳನ್ನು ಹಾಗೆ ಮುಟ್ಟಿದವನಲ್ಲ.

ಮಕ್ಕಳು ಒಬ್ಬೊಬ್ಬರಾಗಿ ವೇದಿಕೆ ಹತ್ತಿದರು. ಮೂಲೆಯಲ್ಲಿ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಕುಂದುಜ್‌ಳ ಸರದಿ ಬಂದಾಗ ದೋಲೊತ್ ಅವಳ ಬಾಯಿಗೆ ಮೈಕು ಹಿಡಿದ. ಹುಡುಗಿ ಬೂಟು ನೋಡಿದಳು, ಡೇರೆಯ ಚಾವಣಿ ನೋಡಿದಳು. ಕೊನೆಗೆ ನೋಡಬಾರದ ಕಡೆಗೇ ನೋಡಿದಳು. ಬುರುಲ್ ತಲೆ ತಗ್ಗಿಸಿದಳು.

"ನನಗ ತಾಯಿ ಇಲ್ಲ."

ಧ್ವನಿವರ್ಧಕ ಆ ಮಾತನ್ನು ಡೇರೆಯ ಮೂಲೆಮೂಲೆಗೂ ಒಯ್ದಿತು. ಮುಗಿಯಿತು, ಹಾಸಿಗೆ ಸಿಕ್ಕಿತು ಎಂದು ಬುರುಲ್ ಉಸಿರು ಬಿಟ್ಟಳು.

ಆದರೆ ಪಾದ್ರಿ ಇನ್ನೇನೋ ಕೇಳಿದ. ದೋಲೊತ್ ಹುಡುಗಿಯನ್ನು ಕೇಳುವ ಗೋಜಿಗೇ ಹೋಗದೆ ತಾನೇ ಉತ್ತರ ಹೇಳತೊಡಗಿದ. ಭಾಷೆ ತಿಳಿಯದಿದ್ದರೂ ನಡುವೆ ಬಂದ 'ವೋಡ್ಕಾ' ಬುರುಲ್‌ಳ ಕಿವಿಗೆ ಬಿತ್ತು. ದೋಲೊತ್ ಹೆಬ್ಬೆರಳನ್ನು ಬಾಯಿಗೆ ಎತ್ತಿ ತೋರಿಸಿದ. ಮೈಮೇಲಿನ ಕೋಟು ಕಳಚಿ ಮಾರುವಂತೆ ಮಾಡಿ, ಹುಡುಗಿಯ ಕಡೆ ಬೆರಳು ಮಾಡಿದ. ಆಮೇಲೆ ಅಂಗೈಯನ್ನು ಅಂಗಾತ ಕೆಡವಿ ತೋರಿಸಿದ. ಬುರುಲ್‌ಗೆ ಅರ್ಥವಾಯಿತು: ಮಗಳ ಕೋಟು ಮಾರಿ, ಕುಡಿದು ಬಿದ್ದು ಸತ್ತ ತಾಯಿ. ಹಳದಿ ಜಾಕೀಟಿನ ಹೆಂಗಸರು ಬಾಯಿಗೆ ಕೈ ಇಟ್ಟುಕೊಂಡರು.

ಬುರುಲ್ ಜನ್ಮದಲ್ಲಿ ಹೆಂಡ ಮುಟ್ಟಿದವಳಲ್ಲ. ಕುಂದುಜ್ ಎರಡು ಕೈಯಲ್ಲೂ ತನ್ನ ಅಂಗಿಯ ತುದಿ ಹಿಂಡುತ್ತಿದ್ದಳು.

ಪಾದ್ರಿ ಕಣ್ಣೊರೆಸಿಕೊಂಡು ಮತ್ತೊಂದು ಪ್ರಶ್ನೆ ಕೇಳಿದ. ದೋಲೊತ್ ಡೇರೆಯೊಳಗೆ ಕಣ್ಣಾಡಿಸಿದ. ಬುರುಲ್‌ಳನ್ನು ಕಂಡೊಡನೆ ಅವನ ಮುಖ ಅರಳಿತು.

"ಬರ್ರಿ ಅಕ್ಕಾ, ಬರ್ರಿ! ಇವರು ಬಾಜೂ ಮನಿಯವರು, ಎಲ್ಲಾ ಕಣ್ಣಾರೆ ಕಂಡವರು."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವನೇ ಇಳಿದು ಬಂದು ತೋಳು ಹಿಡಿದು ವೇದಿಕೆಗೆ ನಡೆಸಿದ. ನಗುತ್ತಲೇ, ತುಟಿ ಅಲ್ಲಾಡಿಸದೆ, "ಅಕಿ ತಾಯಿ ಹೆಂಗ ಸತ್ತಳು, ಹೆಂಗ ಬಿದ್ದಿದ್ಲು, ನೋಡಿದೋರ ಬಾಯಿಂದ ಕೇಳಬೇಕಂತ. ಎರಡ ಮಾತು ಅಂದು ಇಳಿ. ಹಾಸಿಗಿ ಖಾಯಂ," ಎಂದ.

"ನಾನ ಹೇಳಬೇಕೇನ್ರಿ?"

"ಮತ್ಯಾರ ಹೇಳಬೇಕು, ಸತ್ತಾಕಿ ಬಂದು ಹೇಳ್ತಾಳೇನು? ಬೊಗಳು."

ಮೈಕು ಕೈಗೆ ಬಂತು. ತಣ್ಣಗಿತ್ತು. ಎದುರಿಗೆ ಒದ್ದೆ ಕಣ್ಣುಗಳು, ಕೆಂಪು ದೀಪ. ಪಕ್ಕದಲ್ಲಿ ಉಸಿರು ಬಿಗಿಹಿಡಿದ ಮಗಳು. ಹೇಳಲೆಂದೇ ಬುರುಲ್ ಬಾಯಿ ತೆರೆದಳು. ಕುಡದಳು, ಬಿದ್ದಳು, ಸತ್ತಳು. ಮೂರೇ ಮಾತು. ಮೊದಲನೆಯದು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

ಅವಳು ಮೈಕನ್ನು ದೋಲೊತ್‌ನ ಕೈಗೆ ವಾಪಸು ಕೊಟ್ಟಳು. ತಲೆಯ ಬಟ್ಟೆ ಬಿಚ್ಚಿ ಕೂದಲು ಹರಡಿದಳು. ಎಲ್ಲರಿಗೂ ಬೆನ್ನು ಮಾಡಿ, ಡೇರೆಯ ಬಿಳಿ ಗೋಡೆಗೆ ಮುಖ ಕೊಟ್ಟು, ಸೊಂಟದ ಮೇಲೆ ಎರಡೂ ಕೈಯಿಟ್ಟು ಕೂತಳು.

ಅವರ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹಾಗೆ ಕೂರುತ್ತಾರೆ. ಕೂತು ಹಾಡಿಕೊಂಡು ಅಳುತ್ತಾರೆ. ಅದು ಶುರುವಾದ ಮೇಲೆ ನಾಡಿನ ದೊರೆ ಖಾನನೇ ಬಂದರೂ ನಡುವೆ ಬಾಯಿ ಹಾಕುವಂತಿಲ್ಲ. ಅಳುವವಳು ಏನು ಹೇಳಿದರೂ ಕೇಳಿಸಿಕೊಳ್ಳಬೇಕು.

"ಗುಂಡಿಯೊಳಗ ಮಲಗಿದಾಕಿ ಸತ್ತಿರಲಿಲ್ಲೋ,
ಕುದಿಯು ನೀರು ಬಾಜೂ ಸಿಡಿದ್ರೂ ಸತ್ತಿರಲಿಲ್ಲೋ,
ಹಸದ ಹೊಟ್ಟಿ ಹೊತ್ತು ತಿರುಗಿ ಸತ್ತಿರಲಿಲ್ಲೋ,
ಒಂದ ಹಾಸಿಗಿ ಸಲುವಾಗಿ ಇಂದು ಸತ್ತು ಹೋದೆನೋ,
ಹಡೆದ ಮಗಳ ಬಾಯಿಂದ ನಾ ಸತ್ತು ಹೋದೆನೋ..."

"ಏ, ಏ, ಏನಿದು? ಸುಮ್ಮನಾಗ ಬೇ!" ದೋಲೊತ್ ಬಾಗಿ ಅವಳ ಭುಜ ಹಿಡಿದ. ಹಿಡಿದ ಕೈ ತಾನಾಗಿಯೇ ಹಿಂದೆ ಬಂತು. ಅವನ ತಾಯಿಯ ಸಾವಿನಲ್ಲೂ ಹೀಗೆಯೇ ಹೆಂಗಸರು ಗೋಡೆಗೆ ಮುಖ ಕೊಟ್ಟು ಕೂತಿದ್ದರು. ಅವನ ಕೈಯಲ್ಲಿದ್ದ ಮೈಕು ಆ ಹಾಡನ್ನು ಎತ್ತಿ ಬಜಾರಿನ ತುದಿಯವರೆಗೂ ಕೇಳಿಸಿತು.

ಪಾದ್ರಿಯ ಮುಖ ಬೆಳಗಿತು. ಈ ನಾಡಿನ ಹಾಡು! ಅವನು ತಾಳಕ್ಕೆ ಚಪ್ಪಾಳೆ ತಟ್ಟತೊಡಗಿದ. ಹಳದಿ ಜಾಕೀಟಿನವರೆಲ್ಲ ತಟ್ಟಿದರು. ಗಿಟಾರಿನವನು ಶ್ರುತಿ ಹುಡುಕಿದ.

ಬುರುಲ್ ಚಪ್ಪಾಳೆಯ ಮೇಲೆ ದನಿ ಏರಿಸಿದಳು.

"ಕುಡಿದವಳಲ್ಲ, ಬಿದ್ದವಳಲ್ಲ, ಮಾರಿದವಳಲ್ಲೋ,
ದೋಲೊತ್ ಎಂಬ ಅಣ್ಣನ ನಾಲಿಗ್ಯಾಗ ನನ್ನ ಗೋರಿ ಐತೋ..."

ಮೊದಲು ಬಂದವಳು ಬಟಾಟೆ ಮಾರುವ ಹೆಂಗಸು. ಬಾಗಿಲಲ್ಲೇ ತಲೆಬಟ್ಟೆ ಕೆಳಗೆಳೆದುಕೊಂಡು, ಬಂದು ಬುರುಲ್‌ಳ ಹಿಂದೆ ಕೂತಳು. ಆಮೇಲೆ ಮೊಸರಿನವಳು. ಆಮೇಲೆ ಕುರಿಯ ತಲೆ ಸುಡುವವಳು, ಮಸಿಗೈಯಲ್ಲೇ. ಹೊರಗೆ ಕೈಗಾಡಿಗಳು ದಡದಡ ಸದ್ದು ಮಾಡುತ್ತ ಒಂದಾದ ಮೇಲೊಂದು ಬಂದು ನಿಂತವು. ಹಮಾಲರು ಗಾಡಿಯ ಹಿಡಿಗೆ ಕೈಯೂರಿ ಬಾಗಿ, ಗಂಡಸರು ಸಾವಿನ ಮನೆಯ ಹೊರಗೆ ನಿಂತು ಕೂಗುವ ಹಾಗೆ ಕೂಗಿದರು.

"ಅಯ್ಯೋ ನನ್ನ ಕರುಳೇ! ಅಯ್ಯೋ ನನ್ನ ಕರುಳೇ!"

ಚಪ್ಪಾಳೆ ಕುಂಟಿತು. ಒಬ್ಬೊಬ್ಬರದಾಗಿ ನಿಂತಿತು.

ಕುಂದುಜ್ ಹೊಸ ಬೂಟಿನಲ್ಲಿ ಎಡವುತ್ತ ಬಂದು ತಾಯಿಯ ಪಕ್ಕ ಕೂತಳು. ಅವಳೂ ಗೋಡೆಗೆ ಮುಖ ಕೊಟ್ಟಳು, ಸೊಂಟದ ಮೇಲೆ ಕೈ ಇಟ್ಟಳು. ಹಾಡು ಅವಳಿಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಒಂದೇ ಮಾತು.

"ಯವ್ವಾ! ನನ್ನ ಯವ್ವಾ!"

ದೋಲೊತ್ ಅವಳ ಬೆನ್ನ ಹಿಂದೆ ಹಲ್ಲು ಕಚ್ಚಿದ. "ಹಾಸಿಗಿ ಹೋತು, ತಿಳೀತಾ? ಹಾಸಿಗಿ ಹೋತು ನಿಂದು!" ಹುಡುಗಿ ತಿರುಗಲಿಲ್ಲ. ಅಳುವಿನ ನಡುವೆ ಕೆಮ್ಮು ಬಂತು. ಬುರುಲ್ ಹಾಡು ಬಿಡದೆ ಒಂದು ಕೈ ತೆಗೆದು ಮಗಳ ಬೆನ್ನ ಮೇಲಿಟ್ಟಳು.

ಹಮಾಲರಲ್ಲಿ ಹಿರಿಯನಾದ ಸಾತಾರ್ ಅಜ್ಜ ಮಂಜು ಕೂತ ಟೊಪ್ಪಿಗೆಯಲ್ಲೇ ಒಳಗೆ ಬಂದ. ಸತ್ತವರಿಗಾಗಿ ದೇವರನ್ನು ಬೇಡಿಕೊಳ್ಳಲು ಅಂಗೈಗಳನ್ನು ಎತ್ತಿದವನು, ಯಾರ ಹೆಸರಿನಲ್ಲಿ ಬೇಡಬೇಕೋ ತಿಳಿಯದೆ ಹಾಗೇ ಹಿಡಿದು ನಿಂತ. ಅವನ ಹಿಂದೆ ಬಂದವರೂ ಅಂಗೈ ಎತ್ತಿ ನಿಂತರು.

"ತಮ್ಮಾ ದೋಲೊತ್, ಮೈಕ್ ಹಿಡದಾಂವ ನೀನು," ಎಂದ ಅಜ್ಜ. "ಸತ್ತವರು ಯಾರಪ್ಪಾ?"

ಬುರುಲ್ ಹಾಡು ನಿಲ್ಲಿಸಿದಳು. ಹೆಂಗಸರೂ ನಿಲ್ಲಿಸಿದರು. ಪಾದ್ರಿ ದೋಲೊತ್‌ನ ತೋಳು ಮುಟ್ಟಿ, ಮುದುಕ ಏನು ಕೇಳುತ್ತಿದ್ದಾನೆಂದು ತನ್ನ ಭಾಷೆಯಲ್ಲಿ ಮೆಲ್ಲಗೆ ವಿಚಾರಿಸಿದ. ಇನ್ನೊಮ್ಮೆ ವಿಚಾರಿಸಿದ. ಕ್ಯಾಮೆರಾದ ದೀಪ ಉರಿಯುತ್ತಲೇ ಇತ್ತು. ಧ್ವನಿವರ್ಧಕದಲ್ಲಿ, ಇಡೀ ಬಜಾರಿಗೆ ಕೇಳುವಂತೆ, ದೋಲೊತ್‌ನ ಉಸಿರು ಏರಿ ಇಳಿಯುತ್ತಿತ್ತು.